ಫಿಲೊಮೆನಾಳ ಹಬ್ಬ

“ಹಾಗಾದ್ರೆ ಇವತ್ತು ಅಡುಗೆ ನೀವೇ ಮಾಡ್ತೀರಲ್ಲ, ಅತ್ತಿಗೆ?” ಕೋಣೆಯ ಬಾಗಿಲಲ್ಲಿ ನಿಂತು ಕ್ಲೋತಿಲ್ದ್ ಕೇಳಿದಳು.

ತುರುಬಿಗೆ ಅಬ್ಬಲಿಗೆ ಮುಡಿಯುತ್ತಿದ್ದ ಫಿಲೊಮೆನಾಳ ಕೈ ಹಾಗೇ ನಿಂತಿತು. “ಇವತ್ತು ನನ್ನ ಹಬ್ಬ ಅಲ್ವಾ?”

“ಭಾನುವಾರ ಪಾದ್ರಿಗಳು ಹೇಳಿದ್ದು ಕೇಳಿಲ್ವಾ? ರೋಮ್‌ನೋರು ಹಬ್ಬಗಳ ಪಟ್ಟಿಯಿಂದ ನಿಮ್ಮ ಸಂತಮ್ಮನ ಹೆಸರನ್ನೇ ತೆಗೆದು ಹಾಕಿದಾರಂತೆ. ಸಂತಮ್ಮನೇ ಇಲ್ಲ ಅಂದ್ಮೇಲೆ ಹಬ್ಬ ಎಲ್ಲಿಂದ?”

ಮಡಗಾಂವ್ ಪಕ್ಕದ ಆ ಮನೆಯಲ್ಲಿ ಹುಟ್ಟುಹಬ್ಬ ಆಚರಿಸುವ ರೂಢಿಯಿರಲಿಲ್ಲ. ಯಾರಿಗೆ ಯಾವ ಸಂತರ ಹೆಸರೋ ಆ ಸಂತರ ದಿನವೇ ಅವರ ಹಬ್ಬ. ಜೂನಿನಲ್ಲಿ ತಮ್ಮನ ಹೆಂಡತಿ ಕ್ಲೋತಿಲ್ದಳ ಹಬ್ಬಕ್ಕೆ ರವೆ ಕೇಕು ಮಾಡಿದವಳು, ನಾಲ್ಕು ದಿನದ ಹಿಂದೆ ತಮ್ಮ ಕಾಯ್ತಾನನ ಹಬ್ಬಕ್ಕೆ ಹಂದಿಮಾಂಸ ಬೇಯಿಸಿದವಳು ಫಿಲೊಮೆನಾಳೇ. ಮದುವೆಯಾಗದೆ ಒಲೆಯ ಮುಂದೆಯೇ ಅರವತ್ತಾಗಿತ್ತು. ತನ್ನ ಹಬ್ಬದ ದಿನ, ಆಗಸ್ಟ್ ಹನ್ನೊಂದರಂದು ಮಾತ್ರ ಅವಳು ಊಟದ ಮೇಜಿನ ತುದಿಯಲ್ಲಿದ್ದ ಅಪ್ಪನ ಕುರ್ಚಿಯಲ್ಲಿ ಕೂರುತ್ತಿದ್ದಳು. ಉಳಿದವರು ಬಡಿಸುತ್ತಿದ್ದರು.

ಫಿಲೊಮೆನಾ ಅಡುಗೆಮನೆಗೆ ಹೋಗಿ ಒಲೆ ಊದಿದಳು. ಹಸಿ ತೆಂಗಿನ ಸಿಪ್ಪೆ ಹೊಗೆಯಾಡಿತು. ಅಕ್ಕಿ ಹಾಕಿದಳು, ಒಣಸೀಗಡಿಯ ಸಾರಿಗೆ ಮಸಾಲೆ ಅರೆದು ಕುದಿಯಲಿಟ್ಟಳು. ಸೌಟು ಕೈಗೆತ್ತಿಕೊಂಡವಳು ಯಾಕೋ ಅದನ್ನು ಕೆಳಗಿಟ್ಟು, ಕೈ ತೊಳೆದು, ಹೋಗಿ ಅಪ್ಪನ ಕುರ್ಚಿಯಲ್ಲಿ ಕೂತುಬಿಟ್ಟಳು.

ಮಧ್ಯಾಹ್ನ ಕಾಯ್ತಾನ್ ಬಂದ. “ಅಕ್ಕಾ, ಊಟ?”

“ಅದಕ್ಕೇ ಕೂತಿದೀನಿ.”

“ನೋಡಿ ನಿಮ್ಮಕ್ಕನ್ನ,” ಎಂದಳು ಮೇಜಿನ ಬಳಿ ಕೂತಿದ್ದ ಕ್ಲೋತಿಲ್ದ್. “ಇಲ್ಲದ ಸಂತಮ್ಮನ ಹಬ್ಬ ಮಾಡ್ತಾರಂತೆ.”

“ಸಂತಮ್ಮ ಇದ್ಲೋ ಇಲ್ವೋ ನಂಗೇನು ಗೊತ್ತು? ಪಾದ್ರಿಗಳು ಓದಿದೋರು.” ಫಿಲೊಮೆನಾ ತಮ್ಮನ ಕಡೆ ತಿರುಗಿದಳು. “ಆದ್ರೆ ಆ ಹೆಸರು ಹೊತ್ಕೊಂಡು ಈ ಮನೇಲಿ ಇಷ್ಟು ವರ್ಷ ಒಬ್ಬಳು ಬೇಯಿಸಿ ಹಾಕಿದಾಳಲ್ಲ, ಅವಳನ್ನೂ ತೆಗೆದು ಹಾಕಿದ್ರಾ? ವರ್ಷಕ್ಕೆ ಒಂದು ಸಲ ನನ್ನ ತಟ್ಟೆಗೆ ಇನ್ನೊಬ್ಬರ ಕೈ ಬಡಿಸ್ತಿತ್ತು. ಅದನ್ನ ನಾನು ಬಿಡಲ್ಲ, ಕಾಯ್ತಾನ್.”

ಕಾಯ್ತಾನ್ ಹೆಂಡತಿಯ ಮುಖ ನೋಡಿದ, ಅಕ್ಕನ ಮುಖ ನೋಡಿದ. ಕೋಟು ಬಿಚ್ಚಿ ಗೂಟಕ್ಕೆ ಸಿಕ್ಕಿಸಿ ಅಡುಗೆಮನೆಗೆ ನಡೆದ. ಒಳಗೆ ಮುಚ್ಚಳ ಬಿದ್ದ ಸದ್ದಾಯಿತು.

“ಉಪ್ಪು ಎಲ್ಲಿಟ್ಟಿದೀರಿ?”

ಕ್ಲೋತಿಲ್ದ್ ಮೇಜು ಹಿಡಿದು ಏಳಹೊರಟಳು. ಫಿಲೊಮೆನಾ ಅವಳ ಮುಂಗೈ ಒತ್ತಿದಳು.

“ಕೂತ್ಕೋ. ರಾತ್ರಿಯೆಲ್ಲಾ ಮಂಡಿ ನೋವು ಅಂತಿದ್ದೆ. ಹುಡುಕ್ಲಿ ಬಿಡು.”

ಕ್ಲೋತಿಲ್ದ್ ಮತ್ತೆ ಕೂತಳು.

ಬಹಳ ಹೊತ್ತಾದ ಮೇಲೆ ಕಾಯ್ತಾನ್ ಅನ್ನದ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ತಂದ, ಹಿಂದೆಯೇ ಸಾರನ್ನೂ ತಂದ. ಅನ್ನ ಮುದ್ದೆಯಾಗಿತ್ತು, ಸಾರು ತಳ ಹತ್ತಿತ್ತು. ಅಕ್ಕನ ತಟ್ಟೆಗೆ ಬಡಿಸಿ, ಇನ್ನೇನು ಮಾಡಬೇಕೆಂದು ತಿಳಿಯದೆ ಸೌಟು ಹಿಡಿದು ನಿಂತ. ಫಿಲೊಮೆನಾ ಕಲಸಿ ಮೊದಲ ತುತ್ತು ಬಾಯಿಗಿಟ್ಟಳು.

ಕ್ಲೋತಿಲ್ದ್ ಮೆಲ್ಲನೆ ತನ್ನ ತಟ್ಟೆಯನ್ನೂ ಅವನ ಕಡೆ ಸರಿಸಿದಳು.