ಎರಡನೆಯ ಚಂದ್ರಮತಿ

ನಮ್ಮ ಮಾವನವರು ಆಟದಲ್ಲೂ ಮೊದಲು ಕೈ ಎತ್ತುವವರಲ್ಲ. ಕಂಪ್ಯೂಟರಿನ ಯುದ್ಧದಾಟ, ಎದುರಿಗೆ ಇಪ್ಪತ್ತು ಮಂದಿ ದರೋಡೆಕೋರರು ಕತ್ತಿ ಹಿರಿದು ನಿಂತಿದ್ದಾರೆ. ಮಾವ ಮಾತ್ರ ಕುರ್ಚಿಗೆ ಒರಗಿ, "ಅವರ ಬರ್ಲಿ. ಬಂದ್ರ ನೋಡೂಣು. ನಾವಾಗೇ ಹೋಗಿ ಹೊಡದ್ರ ಅದು ಸಂಕಲ್ಪದ ಹಿಂಸಾ. ಮೈಮ್ಯಾಲ ಬಂದಾವನ್ನ ತಡದ್ರ ವಿರೋಧಿ ಹಿಂಸಾ. ಗೃಹಸ್ಥಗ ಅಷ್ಟು ನಡೀತೈತಿ" ಎನ್ನುತ್ತಾರೆ. ಜೈನರ ಮನೆಯಲ್ಲೇ ಹುಟ್ಟಿದ ನನಗೂ ಈ ಮಾತು ಹೊಸದಲ್ಲ. ಆದರೆ ಅದನ್ನು ಲ್ಯಾಪ್‌ಟಾಪಿಗೂ ಅನ್ವಯಿಸಿದವರನ್ನು ನಾನು ಕಂಡದ್ದು ಇವರೊಬ್ಬರನ್ನೇ.

ಲ್ಯಾಪ್‌ಟಾಪ್ ನಾನು ತವರಿನಿಂದ ತಂದದ್ದು. ನಿಪ್ಪಾಣಿಯಲ್ಲಿ ಬಿಸಿಎ ಓದುವಾಗ ಹಾಸ್ಟೆಲಿನಲ್ಲಿ ಈ ಆಟದ ಹುಚ್ಚು ಹತ್ತಿತ್ತು. ಮದುವೆಯಾಗಿ ಜುಗೂಳಕ್ಕೆ ಬಂದ ಮೇಲೆ ಅದು ಕಪಾಟು ಸೇರಿತು. ಮಾವ ಬಾಪುಸಾಹೇಬರು ನಲವತ್ತು ವರ್ಷ ದ್ರಾಕ್ಷಿ ತೋಟ ಮಾಡಿದವರು. ಕೊರೊನಾ ಬಂದು ಹೋದ ಮೇಲೆ ಹತ್ತು ಹೆಜ್ಜೆಗೇ ಏದುಸಿರು, ಸಕ್ಕರೆ ಕಾಯಿಲೆಗೆ ಕಣ್ಣೂ ಮಂಜು. ತೋಟ ಈಗ ನನ್ನ ಗಂಡ ಅಭಿನಂದನನದು. ಇಡೀ ದಿನ ಪಡಸಾಲೆಯಲ್ಲಿ ಕೂತು ಗೋಡೆ ನೋಡುವ ಮನುಷ್ಯನನ್ನು ಕಂಡು ನನಗೇ ತಡೆಯಲಾಗದೆ ಒಂದು ಮಧ್ಯಾಹ್ನ ಆಟ ತೆರೆದು ಮುಂದಿಟ್ಟೆ. ಅವರು ಹೇಳುವುದು, ನಾನು ನಡೆಸುವುದು. ಎರಡು ವರ್ಷದಿಂದ ಹೀಗೇ ನಡೆದಿದೆ.

ಅವಸರದ ಆಟ ಅಲ್ಲ ಅದು. ಒಂದು ಸರದಿ ನಮ್ಮದು, ಒಂದು ಸರದಿ ಎದುರಾಳಿಯದು. ನಮ್ಮ ಕಡೆ ಆರು ಜನ. ಅವರಿಗೆ ನಮಗೆ ಬೇಕಾದ ಹೆಸರಿಡಬಹುದು, ಕಾದಿದಷ್ಟೂ ಅವರ ಕೈ ಪಳಗುತ್ತದೆ. ನಾನು ಜಂಬಕ್ಕೆ ಎಲ್ಲಕ್ಕಿಂತ ಕಠಿಣ ಹಂತ ಆರಿಸಿದ್ದೆ. ಅಲ್ಲಿ ಸತ್ತವರು ಸತ್ತರು. ಹಿಂದಕ್ಕೆ ಹೋಗಿ ಮತ್ತೆ ಆಡುತ್ತೇನೆ ಎಂದರೆ ಆಗದು. ಆಟವೇ ಪ್ರತಿ ಹೆಜ್ಜೆಯನ್ನೂ ಉಳಿಸಿಕೊಂಡು ಮುಂದೆ ಹೋಗುತ್ತದೆ, ಸತ್ತವರ ಹೆಸರು ಕೋಟೆಯ ಒಂದು ಕಲ್ಲಿನ ಮೇಲೆ ಮೂಡುತ್ತದೆ.

ಮಾವ ಐವರಿಗೆ ತಮ್ಮ ಗೆಳೆಯರ ಹೆಸರಿಟ್ಟರು. ತವನಪ್ಪ, ಜಕ್ಕಪ್ಪ ಎಂದು ಹೆಸರು ಕರೆಯುತ್ತ ಬೈಯಲು ಅನುಕೂಲ ಆಗಲಿ ಎಂದು. ಆರನೆಯವಳು ಬಿಲ್ಲುಗಾರ್ತಿ, ಹಸಿರು ಮೇಲುಹೊದಿಕೆಯವಳು. ಅವಳಿಗೆ ಮಾವ, "ಚಂದ್ರಮತಿ ಅಂತ ಇಡು" ಎಂದರು. ಅದು ನನ್ನ ತೀರಿಹೋದ ಅತ್ತೆಯ ಹೆಸರು.

ಆ ಹಸಿರು ಮಾತ್ರ ಅವರ ಮಂಜುಗಣ್ಣಿಗೂ ಕಾಣುತ್ತಿತ್ತು. "ಆಕೀನ ಗ್ವಾಡಿ ಹಿಂದ ನಿಲ್ಲಸು. ಮುಂದ ಕಳಸಬ್ಯಾಡ. ಆಕಿಗೆ ದೂರಿಂದ ಬರೋಬ್ಬರಿ ಕಾಣತೈತಿ" ಎಂದು ಜೋಪಾನ ಮಾಡಿ ಮಾಡಿ ಎರಡು ವರ್ಷದಲ್ಲಿ ಅವಳನ್ನು ಗುರಿ ತಪ್ಪದವಳನ್ನಾಗಿ ಮಾಡಿದರು. ನಾನಾಗಿದ್ದರೆ ಎರಡೇ ತಿಂಗಳಲ್ಲಿ ಆ ಆರೂ ಜನರನ್ನು ಮಣ್ಣು ಮಾಡುತ್ತಿದ್ದೆ. ದ್ರಾಕ್ಷಿಯವರ ತಾಳ್ಮೆ ಅದು, ನಮ್ಮಂಥವರಿಗೆ ಬರುವಂಥದ್ದಲ್ಲ.

ಕಳೆದ ಭಾನುವಾರ ಮಾವನವರಿಗೆ ಊಟವಾದ ಮೇಲೆ ನಿದ್ದೆ ಹತ್ತಿತು. ನನ್ನ ಗಂಡ ತೋಟದಲ್ಲಿ, ಚಾಟ್ನಿಗೆ ಆಳು ಬಂದಿದ್ದರು, ಬಳ್ಳಿ ಕತ್ತರಿಸುವ ಕೆಲಸ ಸಂಜೆಯವರೆಗೂ ಮುಗಿಯುವಂತಿರಲಿಲ್ಲ. ನನಗೆ ಬೇರೆ ಕೆಲಸ ಇರಲಿಲ್ಲ ಎಂದಲ್ಲ, ಇತ್ತು. ಮಾಡಲಿಲ್ಲ. ಆಟ ತೆರೆದೆ.

ಹೊಸ ಕೋಟೆಯ ಬಾವಿಯ ಹತ್ತಿರ ನಾಲ್ಕು ಜನ ದರೋಡೆಕೋರರು ಮಲಗಿದ್ದರು. ಮಾವ ಎದ್ದಿದ್ದರೆ ಆ ದರೋಡೆಕೋರರು ಏಳುವ ತನಕ ಕಾಯಬೇಕಿತ್ತು, ಕಾದು ಕಾದು ನನಗೆ ತಲೆ ಚಿಟ್ಟು ಹಿಡಿದಿತ್ತು. ಮಲಗಿದವರನ್ನು ಮುಗಿಸಿದರೆ ಎರಡು ಸರದಿಯಲ್ಲಿ ಕೋಟೆ ನಮ್ಮದು. ಚಂದ್ರಮತಿಯನ್ನು ಗೋಡೆಯ ಹಿಂದಿನಿಂದ ಎಬ್ಬಿಸಿ ಬಾವಿಯ ಹತ್ತಿರ ತಂದೆ. ಮೊದಲ ಬಾಣ ಒಬ್ಬನಿಗೆ ತಾಗಿತು. ಉಳಿದ ಮೂವರು ಎದ್ದರು. ಚಾವಡಿಯ ಒಳಗೆ ಇನ್ನೂ ಐವರಿದ್ದರು, ಅದು ನನಗೆ ಗೊತ್ತಿರಲಿಲ್ಲ. ಅವಳನ್ನು ಸುತ್ತುಗಟ್ಟಿದರು. ನಾನು ನಮ್ಮ ಮಿಕ್ಕ ಐವರನ್ನು ಓಡಿಸಿಕೊಂಡು ಬರುವಷ್ಟರಲ್ಲಿ ಹಸಿರು ಹೊದಿಕೆ ನೆಲದ ಮೇಲಿತ್ತು.

ಕಲ್ಲಿನ ಮೇಲೆ ಹೆಸರು ಮೂಡಿತು. ಆ ಹೆಸರನ್ನು ನಾನು ಕನ್ನಡದಲ್ಲೇ ಬರೆದಿದ್ದೆ, ಕನ್ನಡದಲ್ಲೇ ಬಂತು.

ಆಗಲೇ ಮಾವನವರನ್ನು ಎಬ್ಬಿಸಿ ಹೇಳಬೇಕಿತ್ತು. ಆಟ ತಾನೆ, ಹೇಳಿದ್ದರೆ ಅರ್ಧ ಗಂಟೆ ಬೇಜಾರು ಮಾಡಿಕೊಳ್ಳುತ್ತಿದ್ದರೇನೋ. ಆದರೆ ನನ್ನ ಕೈಗೆ ಮುಚ್ಚಿಡುವುದು ಅಭ್ಯಾಸವಾಗಿಬಿಟ್ಟಿದೆ. ಉಳಿದ ಐವರನ್ನು ನಮ್ಮ ಶಿಬಿರಕ್ಕೆ ಹಿಂದೆ ಸರಿಸಿ, ಅಲ್ಲಿಂದ ಒಬ್ಬ ಹೊಸ ಹುಡುಗಿಯನ್ನು ತೆಗೆದುಕೊಂಡೆ, ಬಿಲ್ಲು ಕೊಟ್ಟೆ, ಹಸಿರು ಹೊದಿಸಿದೆ, ಚಂದ್ರಮತಿ ಎಂದು ಬರೆದೆ. ಮಾವ ಎದ್ದು ಚಹಾ ಕುಡಿದು, "ಎಲ್ಲಾರೂ ಅದಾರೇನ?" ಎಂದು ಕೇಳಿದರು. "ಅದಾರ್ರಿ" ಎಂದೆ. ನಾಲಿಗೆ ತಡವರಿಸಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಯಾಕೆಂದರೆ ಈ ಸುಳ್ಳನ್ನು ನಾನು ಇದೇ ಮನುಷ್ಯನಿಗೆ ಇದೇ ಹೆಸರಿನ ಮೇಲೆ ಹಿಂದೆಯೂ ಹೇಳಿದ್ದೆ.

ಕೊರೊನಾದ ಎರಡನೇ ಅಲೆಯ ಮೇ ತಿಂಗಳು. ಮಾವ ಮಿರಜದ ಆಸ್ಪತ್ರೆಯಲ್ಲಿ, ನನ್ನ ಗಂಡ ಅದರ ಹೊರಗೆ ಮರದ ಕೆಳಗೆ, ನಾನು ಮತ್ತು ಅತ್ತೆ ಮನೆಯಲ್ಲಿ. ಅತ್ತೆಗೆ ಬಂದದ್ದು ಸಾದಾ ಜ್ವರ ಎಂದುಕೊಂಡಿದ್ದೆವು. ಮೂರನೆಯ ದಿನ ಸಂಜೆ ಹೋಗಿಬಿಟ್ಟರು. ಮಾವನ ಉಸಿರು ಇನ್ನೂ ಮೇಲೆ ಕೆಳಗೆ ಆಗುತ್ತಿತ್ತು, ಈಗ ಹೇಳಬೇಡಿ ಎಂದರು ಡಾಕ್ಟರು. ಸರಿ, ಹೇಳದೆ ಇರುವ ಕೆಲಸ ನನ್ನ ಪಾಲಿಗೆ ಬಂತು. ಇವರಿಗೆ ಅಪ್ಪನ ಮುಂದೆ ಗಂಟಲು ಕಟ್ಟುತ್ತಿತ್ತು, ನನಗೆ ಕಟ್ಟುತ್ತಿರಲಿಲ್ಲ. ಮಾತಾಡುವಷ್ಟು ಸುಧಾರಿಸಿದ ಮೇಲೆ ಮಾವ ದಿನಾ ಫೋನಿನಲ್ಲಿ, "ಆಕಿ ಉಂಡ್ಳೇನ?" ಎನ್ನುತ್ತಿದ್ದರು. "ಉಂಡ್ರಿ. ಹೊತ್ತ ಮುಳುಗೂದ್ರಾಗ ಉಂಡು ಮಲಕೊಂಡಾರ" ಎನ್ನುತ್ತಿದ್ದೆ. ಹೊತ್ತು ಮುಳುಗುವ ಮೊದಲು ಎಂದು ಸೇರಿಸುವಷ್ಟು ಜಾಣೆ ನಾನು. ಅತ್ತೆ ಕತ್ತಲಾದ ಮೇಲೆ ಊಟ ಮಾಡುತ್ತಿರಲಿಲ್ಲ.

ಮಾವ ಮನೆಗೆ ಬಂದ ದಿನ ಇವರೇ ವಿಷಯ ಹೇಳಿದರು. ಮಾವ ಅಳಲಿಲ್ಲ, ಬೈಯಲಿಲ್ಲ. ಕೈಕಾಲು ತೊಳೆದು ಕುರ್ಚಿಯಲ್ಲಿ ಕೂತರು. ಅಂದಿನಿಂದ ನಾಲ್ಕು ವರ್ಷ ಆ ವಿಷಯ ಎತ್ತಲಿಲ್ಲ, ನಾವೂ ಎತ್ತಲಿಲ್ಲ. ಪ್ರತಿ ವರ್ಷ ಕ್ಷಮಾವಾಣಿಯ ದಿನ ಎಲ್ಲರಂತೆ ನಾನೂ ಅವರೆದುರು ಕೈ ಮುಗಿದು, ಗೊತ್ತಿದ್ದೋ ಗೊತ್ತಿಲ್ಲದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎನ್ನುತ್ತೇನೆ. ಹೋದ ತಿಂಗಳೂ ಎಂದೆ. ಗೊತ್ತಿದ್ದೇ ಮಾಡಿದವಳು ಆ "ಗೊತ್ತಿಲ್ಲದೆಯೋ" ಎಂಬ ಮಾತಿನ ಹಿಂದೆ ಆರಾಮವಾಗಿ ಅಡಗಿ ಕೂರುತ್ತಾಳೆ, ನಾಚಿಕೆ ಇಲ್ಲದವಳು.

ಸೋಮವಾರ ಆಡಲು ಕೂತಾಗ ಹೊಸ ಹುಡುಗಿಯ ಮೂರು ಬಾಣಗಳಲ್ಲಿ ಮೂರೂ ತಪ್ಪಿದವು. ಪಳಗದ ಕೈ. ಮಾವ ತಲೆ ಅಲ್ಲಾಡಿಸಿ, "ಇವತ್ತ ಅಷ್ಟಮಿ ಐತೇನ? ಉಪಾಸ ಇರಬೇಕ ಆಕಿ. ಹಿಂದ ಕುಂಡ್ರಸು, ದಣದಾಳ" ಎಂದು ನಕ್ಕರು. ಅತ್ತೆ ಅಷ್ಟಮಿ, ಚತುರ್ದಶಿ ತಪ್ಪದೆ ಉಪವಾಸ ಮಾಡುತ್ತಿದ್ದರು. ನಾನೂ ನಕ್ಕೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು, ಇಲ್ಲಿ ಕಳ್ಳ ಎಂದವರೇ ಯಾರೂ ಇಲ್ಲ. ಅದೇ ಹೆಚ್ಚು ಉರಿಯಿತು.

ಮಂಗಳವಾರ, ಬುಧವಾರವೂ ಅವಳನ್ನು ಹಿಂದೆಯೇ ಕೂರಿಸಿ ಆಡಿದರು. ನಡುನಡುವೆ, "ಚಂದ್ರಮತಿಗೆ ಔಷಧ ಕೊಡು" ಎನ್ನುವರು. ಆಟದಲ್ಲಿ ಗಾಯಕ್ಕೆ ಔಷಧದ ಶೀಶೆ ಇರುತ್ತದೆ, ಗಾಯವೇ ಆಗದವಳಿಗೆ ನಾನು ಮೂರು ಶೀಶೆ ಸುರಿದೆ. ರೊಟ್ಟಿ ಬಡಿಯುವಾಗ, ಬಟ್ಟೆ ಒಣಹಾಕುವಾಗ, ಹೇಳಿಬಿಡು ಹೇಳಿಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಗಂಡನಿಗೆ ಹೇಳಿದೆ. "ಅಯ್ಯ, ಆಟದ ಗೊಂಬಿಗೆ ಇಷ್ಟ್ಯಾಕ ತಲಿ ಕೆಡಸ್ಕೋತಿ? ಅವರಿಗೆ ಕಾಣೂದಿಲ್ಲ ಬಿಡು" ಎಂದರು. ಕಾಣುವುದಿಲ್ಲ ಎಂಬುದೇ ನನ್ನ ಸಂಕಟ ಎಂದು ಇವರಿಗೆ ತಿಳಿಯಲಿಲ್ಲ.

ಗುರುವಾರ ಮಧ್ಯಾಹ್ನ ಸೇತುವೆ ಬಂತು. ಇಕ್ಕಟ್ಟಾದ ಕಲ್ಲುಸೇತುವೆ, ಆಚೆ ಹನ್ನೆರಡು ಜನ. ನಮ್ಮ ಐವರು ಗಾಯಾಳುಗಳು, ಹಳ್ಳದ ಮೂಲಕ ಹಿಂದೆ ಸರಿಯಬೇಕು, ಅಲ್ಲಿಯವರೆಗೆ ಯಾರಾದರೂ ಒಬ್ಬರು ಸೇತುವೆ ತಡೆಯಬೇಕು. ಮಾವ ಗಲ್ಲಕ್ಕೆ ಕೈ ಹಚ್ಚಿ ಬಹಳ ಹೊತ್ತು ಯೋಚಿಸಿದರು.

"ಚಂದ್ರಮತೀನ ನಿಲ್ಲಸು," ಎಂದರು. "ನಾಕ ದಿನ ಆರಾಮ ತಗೊಂಡಾಳ. ಆಕಿ ಒಬ್ಬಾಕಿ ಸಾಕು, ಒಂದೂ ಬಾಣ ತಪ್ಪಸೂದಿಲ್ಲ."

ಹಳೆಯ ಚಂದ್ರಮತಿ ನಿಲ್ಲುತ್ತಿದ್ದಳು, ಅದು ನನಗೂ ಗೊತ್ತು. ಇವಳು ನಿಂತರೆ ಒಂದೇ ಸರದಿ. ಮಾವ ಹೇಳಿದ ಹಾಗೆ ನಿಲ್ಲಿಸಿದರೆ ತಾನೇ ಕಳುಹಿಸಿ ಕೊಂದೆ ಎಂದು ಆ ಜೀವ ಕೊರಗುತ್ತದೆ. ನಿಲ್ಲಿಸದಿದ್ದರೆ ಯಾಕೆ ಎಂದು ಕೇಳುತ್ತಾರೆ. ಮೌಸನ್ನು ಸೇತುವೆಗೊಮ್ಮೆ ಹಳ್ಳಕ್ಕೊಮ್ಮೆ ಓಡಾಡಿಸಿದೆ, ಒತ್ತಲಿಲ್ಲ.

"ಯಾಕ, ಆಗೂದಿಲ್ಲೇನ?"

"ಮಾವಾರ, ಈಕಿ ಆಕಿ ಅಲ್ರಿ."

ಅವರು ನನ್ನ ಕಡೆ ತಿರುಗಿದರು.

"ಚಂದ್ರಮತಿ ಐತವಾರನ ಹ್ವಾದ್ಲರಿ. ನೀವ ಮಲಗಿದ್ರಿ. ಮಲಕೊಂಡಾವ್ರ ಮ್ಯಾಲ ನಾನ ಮೊದಲ ಬಾಣ ಬಿಟ್ಟೆ. ಬ್ಯಾರೆ ಹುಡುಗಿಗೆ ಹಸರ ಹೊದಿಸಿ ಅದ ಹೆಸರ ಇಟ್ಟೆ. ನಾಕ ದಿನಾ ಸುಳ್ಳ ಹೇಳೇನ್ರಿ."

ಬೈಯಲಿ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಹೆಂಗ ಹ್ವಾದ್ಲು?" ಎಂದರು.

"ಬಾವಿ ಹಂತ್ಯಾಕ್ರಿ. ಸುತ್ತಗಟ್ಟಿದ್ರು. ಉಳಿದಾವ್ರು ಹೋಗಿ ಮುಟ್ಟೂದ್ರಾಗ..."

"ಈಕೀದಲ್ಲ," ಎಂದರು ಮಾವ. "ನಿಮ್ಮತ್ತೀದು."

ನಾಲ್ಕು ವರ್ಷ ಅವರು ಕೇಳಲಿಲ್ಲ ಎಂದು ನಾವು ಹೇಳಿರಲಿಲ್ಲ. ನಾವು ಹೇಳಲಿಲ್ಲ ಎಂದು ಅವರು ಕೇಳಿರಲಿಲ್ಲವೇನೋ. ತನ್ನ ಹೆಂಡತಿ ಹೇಗೆ ಸತ್ತಳೆಂದು ಗೊತ್ತಿಲ್ಲದೆಯೇ ಆ ಮನುಷ್ಯ ನಾಲ್ಕು ವರ್ಷ ನನ್ನ ಕೈಯ ರೊಟ್ಟಿ ಉಂಡಿದ್ದರು.

"ಸಂಜೀಕ ಐದೂವರಿಗೆ," ಎಂದೆ. "ನಾ ಒಬ್ಬಾಕೇ ಇದ್ದೆ. ಉಸರ ಹತ್ತತಿದ್ದಿಲ್ಲ. ಒಮ್ಮೆ ನಿಮಗ ಫೋನ ಹಚ್ಚಂದ್ರು. ದನಿ ಕೇಳತೇನು ಅಂದ್ರು." ಇಲ್ಲಿಗೆ ನಿಲ್ಲಿಸಬಹುದಿತ್ತು. ಇಷ್ಟನ್ನು ನಾನು ಗಂಡನಿಗೂ ಹೇಳಿದ್ದಿಲ್ಲ. "ನಾ ಹಚ್ಚಲಿಲ್ರಿ. ನಿಮ್ಮ ಮಾರಿಗೆ ಮಾಸ್ಕ ಹಾಕಿದ್ರು, ನಿಮಗ ಮಾತಾಡಾಕ ಬರತಿದ್ದಿಲ್ಲ. ಅದನ್ನ ಹೇಳಿದ್ರ ಅಂಜತಾರಂತ, ಅವರ ಆರಾಮ ಆಗ್ಯಾರ, ಮಲಗ್ಯಾರ, ನಾಳೆ ಬರತಾರ ಅಂತ ಹೇಳಿದೆ. ಅಲ್ಲಿ ಯಾರರ ಸಿಸ್ಟರಿಗೆ ಹೇಳಿ ಫೋನ ನಿಮ್ಮ ಕಿವಿಗೆ ಹಿಡಸಬಹುದಿತ್ತು. ಅತ್ತಿಯಾರು ಒಂದೆರಡ ಮಾತಾಡತಿದ್ರು. ನಾ ಹಚ್ಚಲಿಲ್ಲ."

ಮಾವ ಪರದೆಯ ಕಡೆ ನೋಡುತ್ತಿದ್ದರು. ಸೇತುವೆಯ ಈಚೆ ಆರೂ ಜನ ನಮ್ಮ ಸರದಿಗಾಗಿ ನಿಂತೇ ಇದ್ದರು.

"ಆಕಿ ನಂಬಿದ್ಳೇನ?"

ನಂಬಿದರು ಎನ್ನಬಹುದಿತ್ತು. ನಂಬಿ ನೆಮ್ಮದಿಯಿಂದ ಹೋದರು ಎಂದರೆ ಈ ಮುದುಕನಿಗೂ ನೆಮ್ಮದಿ, ನನಗೂ ಪಾರು. ನಾಲಿಗೆಯ ತುದಿಗೆ ಬಂದೂ ಬಿಟ್ಟಿತ್ತು.

"ಇಲ್ರಿ," ಎಂದೆ. "ನನ್ನ ಮಾರಿ ನೋಡಿದ್ರು. ಆಮ್ಯಾಲ ನನ್ನ ಕೈ ಬಿಟ್ಟು ಗ್ವಾಡಿ ಕಡೆ ಹೊಳ್ಳಿ ಮಲಗಿದ್ರು. ಮತ್ತ ಮಾತಾಡಲಿಲ್ಲ."

ನಾನು ತಪ್ಪಾಯಿತು ಎನ್ನಲು ಕೈ ಜೋಡಿಸಹೋದೆ. ಅವರು ಬೇಡವೆಂದು ಕೈಯಾಡಿಸಿದರು. ಕ್ಷಮಿಸಿದೆ ಎಂದೋ, ಈಗಲ್ಲ ಎಂದೋ, ನನಗೆ ಇವತ್ತಿಗೂ ಗೊತ್ತಿಲ್ಲ.

"ಮುಂಜಾನಿಂದ ಹೇಳು," ಎಂದರು. "ಏನೂ ಬಿಡಬ್ಯಾಡ."

ನಾನು ಲ್ಯಾಪ್‌ಟಾಪ್ ಮುಚ್ಚಿ ಅತ್ತ ಸರಿಸಿ, ಅಂದು ಬೆಳಿಗ್ಗೆ ಅತ್ತೆ ಎದ್ದು ನೀರು ಸೋಸಿದಲ್ಲಿಂದ ಹೇಳತೊಡಗಿದೆ.