ವ್ಯಾನು ಕೆಟ್ಟ ದಿನದ ಪಾಠ

ಮಗಳು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದಳು. ಲೋಟ ಕೈಗೆ ಕೊಟ್ಟರೆ ತುಟಿಗೆ ತಾಗಿಸಿ ಕೆಳಗಿಡುತ್ತಿದ್ದಳು. ಹತ್ತು ವರ್ಷದ ಹುಡುಗಿ, ಉಚ್ಚೆ ಹೊಯ್ದರೆ ಉರಿ ಉರಿ ಅಂತ ಆಗಲೇ ಎರಡು ಸಲ ಆಸ್ಪತ್ರೆಗೆ ಹೋಗಿ ಬಂದಿದ್ದಳು. "ನೀರು ಚೆನ್ನಾಗಿ ಕುಡಿಸಿ" ಎಂದಿದ್ದರು ಡಾಕ್ಟರು. ಅವರಿಗೇನು, ಹೇಳಿದರು. ಸರ್ಕಾರಿ ಶಾಲೆಯ ಕಕ್ಕಸಿನ ಬೀಗದ ಕೈ ಅವರ ಹತ್ತಿರ ಇತ್ತೇ?

ಅದು ಇದ್ದದ್ದು ಹೆಡ್ಮೇಷ್ಟ್ರ ಕೋಣೆಯ ಮೊಳೆಯಲ್ಲಿ. "ತೆರೆದಿಟ್ಟರೆ ಮಕ್ಕಳು ಹಾಳು ಮಾಡ್ತಾರೆ" ಎಂಬುದು ಅವರ ಸಿದ್ಧಾಂತ. ಬಳಸದೆ ಇಟ್ಟರೆ ಯಾವುದೂ ಹಾಳಾಗುವುದಿಲ್ಲ, ನಿಜ. ಆ ಸಿದ್ಧಾಂತದ ಪುಣ್ಯದಿಂದ ಶಾಲೆಯ ಪುಸ್ತಕದ ಬೀರು ಹೊಸದಾಗಿಯೇ ಉಳಿದಿತ್ತು. ಮೇಷ್ಟ್ರುಗಳ ವಿದ್ಯೆಯೂ.

ಹುಡುಗಿಯ ಅಪ್ಪ ಖಾಸಗಿ ಶಾಲೆಯ ವ್ಯಾನು ಓಡಿಸುತ್ತಿದ್ದ. ಮೊದಲ ಸುತ್ತಿನಲ್ಲಿ ಅಂಗಡಿಯವರ ಮಕ್ಕಳು, ಎರಡನೆಯ ಸುತ್ತಿನಲ್ಲಿ ಮೇಷ್ಟ್ರ ಬೀದಿಯ ಮಕ್ಕಳು. ಆ ಬೀದಿಯಲ್ಲಿದ್ದವರೆಲ್ಲ ಸರ್ಕಾರಿ ಶಾಲೆಯಲ್ಲಿ ಕಲಿಸುವವರೇ. ಅವರ ಮಕ್ಕಳಲ್ಲಿ ಒಂದೂ ಆ ಶಾಲೆಯ ಮೆಟ್ಟಿಲು ಹತ್ತಿದ್ದಿಲ್ಲ. ಅಡುಗೆಯವನೇ ಬೇರೆ ಕಡೆ ಉಣ್ಣಲು ಹೋಗುವ ಹೋಟೆಲಿನಲ್ಲಿ ಊಟ ಹೇಗಿರುತ್ತದೆ ಎಂದು ಯಾರನ್ನೂ ಕೇಳಬೇಕಾಗಿಲ್ಲ.

ಮಗಳನ್ನು ಒಂದನೇ ಕ್ಲಾಸಿಗೆ ಹಾಕುವಾಗ ಹೆಡ್ಮೇಷ್ಟ್ರು ಮನೆ ಬಾಗಿಲಿಗೇ ಬಂದಿದ್ದರು.

"ನಮ್ಮಲ್ಲೇ ಸೇರಿಸಪ್ಪ. ಮಕ್ಕಳು ಕಡಿಮೆ ಆದ್ರೆ ಶಾಲೆ ಮುಚ್ಚಿಬಿಡ್ತಾರೆ. ನಿಮ್ಮ ಮಕ್ಕಳೇ ಸರ್ಕಾರದ ಆಸ್ತಿ. ನಾವೆಲ್ಲ ಟ್ರೇನಿಂಗ್ ಆದೋರು. ಆ ಖಾಸಗಿಯಲ್ಲಿ ಯಾರಿದ್ದಾರೆ ಹೇಳು?"

'ನಿಮ್ಮ ಮಗ ಇದ್ದಾನಲ್ಲ ಸಾರ್' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. ಆ ಶಾಲೆಯ ಫೀಜು ಅವನ ಸಂಬಳದ ತಲೆಯ ಮೇಲೆ ಕುಣಿಯುವಷ್ಟಿತ್ತು. ತಾನೇ ದಿನಾ ಮಕ್ಕಳನ್ನು ಇಳಿಸಿ ಬರುವ ಗೇಟಿನೊಳಗೆ ತನ್ನ ಮಗಳನ್ನು ಕಳಿಸುವ ಯೋಗ್ಯತೆ ಅವನಿಗಿರಲಿಲ್ಲ.

ಒಂದು ದಿನ ಎರಡನೆಯ ಸುತ್ತಿನಲ್ಲಿ ಕ್ಲಚ್ ವೈರು ಕಿತ್ತುಹೋಯಿತು. ಹೋಗುವುದು ಹೋಯಿತು, ಸರಿಯಾಗಿ ಸರ್ಕಾರಿ ಶಾಲೆಯ ಎದುರಿಗೇ ಹೋಯಿತು.

"ಬೇರೆ ಗಾಡಿ ಇಲ್ಲ. ಮೆಕ್ಯಾನಿಕ್ ಬರೋವರೆಗೂ ಮಕ್ಕಳನ್ನ ಎಲ್ಲಾದರೂ ನೆರಳಲ್ಲಿ ಕೂರಿಸು" ಎಂದ ವ್ಯಾನಿನ ಮಾಲೀಕ, ಫೋನಿನಲ್ಲಿ.

ಅಷ್ಟರಲ್ಲಿ ಲೆಕ್ಕದ ಮೇಡಂ ಸೆರಗು ಸಿಕ್ಕಿಸಿಕೊಂಡು ಓಡಿಬಂದರು. ವ್ಯಾನಿನಲ್ಲಿ ಅವರ ಮಗಳೂ ಇದ್ದಳು.

"ಬಾ ನನ್ನ ಬಂಗಾರ, ಒಳಗೆ ಬಾ. ಪಾಠ ಯಾಕೆ ತಪ್ಪಬೇಕು? ನಮ್ಮ ಕ್ಲಾಸಲ್ಲೇ ಕೂತ್ಕೊ."

ಮೇಷ್ಟ್ರ ಬೀದಿಯ ಆರೂ ಮಕ್ಕಳು ಟೈ ಸಮೇತ ಐದನೇ ಕ್ಲಾಸಿಗೆ ಹೋದವು. ಅವರಿಗಾಗಿ ಮುಂದಿನ ಬೆಂಚಿನ ಧೂಳು ಒರೆಸಲಾಯಿತು. ಅಲ್ಲಿ ಕೂತಿದ್ದವರು ಹಿಂದಕ್ಕೆ, ನೆಲಕ್ಕೆ ಜರುಗಿದರು. ವ್ಯಾನಿನವನ ಮಗಳೂ ಜರುಗಿದಳು.

ಮೆಕ್ಯಾನಿಕ್ಕನ ದಾರಿ ಕಾಯುತ್ತ ಅವನು ಕಿಟಕಿಯ ಹೊರಗೆ ಕೂತ. ಒಳಗಿನ ಮಾತು ಕೇಳುತ್ತಿತ್ತು. ದಿನವೂ "ಈ ಪುಟ ನೋಡಿ ಬರ್ಕೊಳ್ಳಿ" ಎಂದು ಹೇಳಿ ಮೊಬೈಲಿಗೆ ಕಣ್ಣು ನೆಡುವ ಮೇಡಂ ಅಂದು ಎದ್ದು ನಿಂತಿದ್ದರು. ಬೋರ್ಡಿನ ಮೇಲೆ ದೊಡ್ಡದೊಂದು ಕಲ್ಲಂಗಡಿ ಹಣ್ಣು ಬರೆದರು. ಕೊಯ್ದರು. ಭಾಗ ಮಾಡಿದರು. "ಇದರಲ್ಲಿ ಕಾಲು ಯಾವುದು? ಮುಕ್ಕಾಲು ಯಾವುದು?" ಮಕ್ಕಳು ಕೂಗಿದರು. ಹಿಂದಿನಿಂದ ಅವನ ಮಗಳ ದನಿಯೂ ಬಂತು. ಆ ದನಿ ಶಾಲೆಯಲ್ಲಿ ಹೀಗೆ ಏಳುತ್ತದೆ ಎಂದು ಅವನಿಗೇ ಗೊತ್ತಿರಲಿಲ್ಲ.

'ಎಲಾ ಇವಳ! ಎಷ್ಟು ಚೆನ್ನಾಗಿ ಹೇಳ್ಕೊಡ್ತಾಳಲ್ಲ!' ಎಂದುಕೊಂಡ. ಮೊದಲು ಬಂದದ್ದು ಸಂತೋಷ. ಸಿಟ್ಟು ಸ್ವಲ್ಪ ತಡವಾಗಿ ಬಂತು, ಆದರೆ ಬಂದದ್ದು ಹೋಗಲಿಲ್ಲ.

ನಡುವೆ ಮೇಡಮ್ಮಿನ ಮಗಳು ಕಿರುಬೆರಳು ಎತ್ತಿದಳು. ಮೊಳೆಯ ಮೇಲಿದ್ದ ಕೀಲಿ ಇಳಿಯಿತು. ಆಯಾ ಎರಡು ಬಕೆಟ್ ನೀರು ಸುರಿದಳು. ಬೀಗ ತೆರೆದದ್ದು ಕಂಡು ಕ್ಲಾಸಿನ ಹುಡುಗಿಯರೆಲ್ಲ ಸಾಲು ನಿಂತರು.

"ನಿಮಗೇನ್ರೇ ಇಲ್ಲಿ? ಹೋಗಿ, ಮನೇಲಿ ಹೋಗಿ. ಅವರು ಪಾಪ ಅಭ್ಯಾಸ ಇಲ್ಲದ ಮಕ್ಕಳು" ಎಂದು ಆಯಾ ಗದರಿದಳು.

ಬೀಗ ಮತ್ತೆ ಬಿತ್ತು.

ವ್ಯಾನು ರಿಪೇರಿಯಾಯಿತು. ಆರು ಮಕ್ಕಳೂ ಹತ್ತಿದರು. ಅವನು ಗೇರು ಹಾಕುತ್ತ ಕಿಟಕಿಯತ್ತ ನೋಡಿದ. ಮೇಡಂ ಡಸ್ಟರು ತೆಗೆದುಕೊಂಡು ಕಲ್ಲಂಗಡಿ ಒರೆಸುತ್ತಿದ್ದರು.

ಸಂಜೆ ಹೆಂಡತಿ ಮೇಷ್ಟ್ರ ಬೀದಿಯ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತಿದ್ದಳು. ಅದು ಅವಳ ಕೆಲಸ. ಮಗಳು ಪಕ್ಕದಲ್ಲಿ ಕೂತು ಅಪ್ಪನಿಗೆ ಕಾಲು, ಅರ್ಧ, ಮುಕ್ಕಾಲು ಹೇಳಿದಳು. ಅಲ್ಲಿಗೆ ನಿಲ್ಲಿಸಿದಳು.

"ಆಮೇಲೆ?"

"ಕಾಲೂ ಅರ್ಧಾನೂ ಕೂಡಿಸೋದು ಶುರು ಮಾಡಿದ್ರು. ಅಷ್ಟರಲ್ಲಿ ನಿನ್ನ ವ್ಯಾನು ಸರಿಹೋಯ್ತು."

ಅವನು ಬೆರಳಿಗೆ ಮೆತ್ತಿದ್ದ ಗ್ರೀಸನ್ನು ಒರೆಸಿಕೊಳ್ಳತೊಡಗಿದ.

"ಅಪ್ಪಾ, ನಾಳೆನೂ ಕೆಡತ್ತಾ?"

ಹೆಂಡತಿ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು. ಗಂಡನ ಮುಖ ನೋಡಿದಳು. "ಕೇಳಿಸ್ತೇನ್ರೀ?"

"ಕೇಳಿಸ್ತು. ಕೆಲಸ ಹೋಗತ್ತೆ ಕಣೇ."

"ಹೋಗತ್ತೆ. ಇವರ ಬಟ್ಟೆನೂ ಇನ್ನು ಈ ಬಾಗಿಲಿಗೆ ಬರಲ್ಲ" ಎಂದಳು. ಕೈಲಿದ್ದ ಟೈಯನ್ನು ಇಸ್ತ್ರಿ ಹಾಕದೆಯೇ ಮಡಿಚಿಟ್ಟು, ಚಪ್ಪಲಿ ಮೆಟ್ಟಿಕೊಂಡು ಅಕ್ಕಪಕ್ಕದ ಮನೆಗಳ ಕಡೆ ಹೊರಟಳು.

ಮರುದಿನ ಎರಡನೆಯ ಸುತ್ತಿನಲ್ಲಿ ವ್ಯಾನು ಅದೇ ಗೇಟಿನೆದುರು ನಿಂತಿತು. ಅವನು ಇಳಿದು ಬಾಗಿಲು ತೆರೆದ. "ಇಳೀರಿ ಮಕ್ಕಳೇ, ಶಾಲೆ ಬಂತು." ಮಕ್ಕಳಿಗೆ ಮೋಜು, ದಡದಡನೆ ಇಳಿದು ಒಳಗೋಡಿದವು. ಗೇಟಿನ ಬಳಿ ಅವನ ಹೆಂಡತಿ, ಅವಳು ಕರೆತಂದ ಅಕ್ಕಪಕ್ಕದ ಹೆಂಗಸರು ಆಗಲೇ ನಿಂತಿದ್ದರು.

ಹೆಡ್ಮೇಷ್ಟ್ರು ಹೊರಬಂದರು. "ಏನಯ್ಯಾ, ಇವತ್ತೂ ಕ್ಲಚ್ಚಾ?"

"ಇಲ್ಲ ಸಾರ್. ಗಾಡಿ ಗಟ್ಟಿಮುಟ್ಟಾಗಿದೆ."

"ಮತ್ಯಾಕೆ ಇಲ್ಲಿ ಇಳಿಸಿದೆ?"

"ನಿನ್ನೆ ಲೆಕ್ಕ ಅರ್ಧಕ್ಕೆ ನಿಂತಿದೆ. ನಿಮ್ಮ ಮಕ್ಕಳಿದ್ರೇನೇ ಮುಂದಕ್ಕೆ ಹೋಗೋದು."

"ತಲೆ ನೆಟ್ಟಗಿದೆಯೇನೋ? ಮಕ್ಕಳನ್ನ ಎಲ್ಲೆಲ್ಲೋ ಬಿಡ್ತಾನೆ ಅಂತ ಕಂಪ್ಲೇಂಟ್ ಕೊಡ್ತೀನಿ!"

"ಎಲ್ಲೆಲ್ಲೋ ಅಲ್ಲ ಸಾರ್, ಅಪ್ಪ ಅಮ್ಮನ ಹತ್ರ ಬಿಟ್ಟಿದ್ದೀನಿ."

ಹೆಂಗಸರು ನಕ್ಕರು. "ಕೊಡಿ ಮೇಷ್ಟ್ರೇ, ಕಂಪ್ಲೇಂಟು" ಎಂದಳು ಒಬ್ಬಳು. "ವಿಚಾರಣೆಗೆ ದೊಡ್ಡ ಸಾಹೇಬರೇ ಬರಲಿ. ಅವರ ಮಕ್ಕಳು ಯಾವ ಶಾಲೆ ಅಂತ ನಾವೂ ವಿಚಾರಿಸ್ತೀವಿ."

ಮೇಡಂ ಬಾಗಿಲಲ್ಲಿ ನಿಂತು ಬೆವರುತ್ತಿದ್ದರು. ಅವರ ಮಗಳು ಬಂದು ಸೆರಗು ಜಗ್ಗಿದಳು. "ಅಮ್ಮಾ, ಅರ್ಜೆಂಟು."

ಹೆಡ್ಮೇಷ್ಟ್ರು ಒಳಗೆ ಹೋಗಿ ಕೀಲಿ ತಂದರು. ಬೀಗ ತೆರೆಯಿತು. ಮೇಡಮ್ಮಿನ ಮಗಳ ಹಿಂದೆ ಸಾಲು ಬೆಳೆಯಿತು. ಇಸ್ತ್ರಿಯವಳು ಮುಂದೆ ಬಂದು ಚಿಲಕದಲ್ಲಿ ತೂಗುತ್ತಿದ್ದ ಬೀಗವನ್ನು ಕಳಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಯ್, ಅದು ಸರ್ಕಾರದ ಆಸ್ತಿ!"

"ನಮ್ಮ ಮಕ್ಕಳೂ ಅಷ್ಟೇ ಅಂತ ನೀವೇ ಅಲ್ವಾ ಬಾಗಿಲಿಗೆ ಬಂದಾಗ ಹೇಳಿದ್ದು?"

ವ್ಯಾನಿನವನ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಾಲೀಕ. ಏನು ಹೇಳುತ್ತಾನೆ ಎಂಬುದು ಗೊತ್ತಿದ್ದದ್ದೇ. ನಾಳೆಯಿಂದ ಬರಬೇಡ. ಎತ್ತಿದ, ಕೇಳಿಸಿಕೊಂಡ, "ಆಯ್ತು ಸಾರ್" ಎಂದ. ವ್ಯಾನಿನ ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟ.

ಶಾಲೆಯ ನಲ್ಲಿಯ ಹತ್ತಿರ ಮಗಳು ನಿಂತಿದ್ದಳು. ಬೊಗಸೆ ಒಡ್ಡಿದಳು. ಕುಡಿದಳು. ತಿರುಗಿ ಕಕ್ಕಸಿನ ಬಾಗಿಲು ನೋಡಿದಳು. ಅದು ತೆರೆದೇ ಇತ್ತು. ಅಮ್ಮ ಅದರ ಪಕ್ಕದಲ್ಲಿ ಕಂಬದ ಹಾಗೆ ನಿಂತಿದ್ದಳು.

ಹುಡುಗಿ ಮತ್ತೆ ಬೊಗಸೆ ಒಡ್ಡಿದಳು.