ಮರವೋ, ಕಾರ್ಬನ್ನೋ

ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದ ಆಕೆಗೆ ಟೇಬಲ್ ಟೆನಿಸ್ ಆಡುವವರೆಲ್ಲ ಸೇರಿ ಇಟ್ಟ ಹೆಸರು ‘ಗೋಡೆ’. ಎದುರಿನವರು ಎಷ್ಟೇ ಬಿರುಸಾಗಿ ಹೊಡೆಯಲಿ, ಚೆಂಡು ವಾಪಸ್ ಬಂದೇ ಬರುತ್ತಿತ್ತು. ಹೊಡೆದು ಹೊಡೆದು ಸುಸ್ತಾಗಿ ಕೊನೆಗೆ ಅವರೇ ತಪ್ಪು ಮಾಡುತ್ತಿದ್ದರು. ಹದಿನಾರು ವರ್ಷ ಆಸ್ಪತ್ರೆಯ ತಂಡದಲ್ಲಿ ಅವಳ ಜಾಗವನ್ನು ಅಲುಗಾಡಿಸಿದವರಿಲ್ಲ.

ಆಮೇಲೆ ಕ್ಯಾನ್ಸರ್ ಬಂತು. ಎಂಟು ತಿಂಗಳ ಔಷಧಿ ಗಡ್ಡೆಯನ್ನೇನೋ ಕರಗಿಸಿತು, ಜೊತೆಗೆ ಬೆರಳುಗಳ ಸ್ಪರ್ಶವನ್ನೂ ಒಯ್ದಿತು. ಕುಪ್ಪಸದ ಗುಂಡಿ ಹಾಕಿಕೊಳ್ಳಲು ಕನ್ನಡಿ ಮುಂದೆ ನಿಲ್ಲಬೇಕು. “ಮರಳಿ ಬರಬಹುದು, ಬರದೆಯೂ ಇರಬಹುದು” ಎಂದರು ಡಾಕ್ಟರು. ಮತ್ತೆ ಆಡಲು ಹೋದ ಮೊದಲ ದಿನವೇ, ಹಿಡಿತ ಸಡಿಲಾದದ್ದು ಅವಳಿಗೆ ಗೊತ್ತೇ ಆಗಲಿಲ್ಲ. ಬ್ಯಾಟು ಕೈಜಾರಿ ಹಾರಿ ಕಂಬಕ್ಕೆ ಬಡಿದು ಸೀಳಿಹೋಯಿತು.

ತಮ್ಮ ಅವಳನ್ನು ಆಟದ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದ. ಅಂಗಡಿಯವರು ಹಿಂದೆ ಆಟಗಾರರಾಗಿದ್ದವರು, ಅವಳ ಆಟ ಬಲ್ಲವರು. ಇನ್ನೂ ರಬ್ಬರು ಅಂಟಿಸದ ಎರಡು ಬ್ಯಾಟುಗಳನ್ನು ಮುಂದಿಟ್ಟರು.

“ಇದು ಪೂರ್ತಿ ಮರ. ಆ ಇನ್ನೊಂದರೊಳಗೆ ಕಾರ್ಬನ್ ಪದರ ಇದೆ, ಮುಟ್ಟಿದರೆ ಸಾಕು, ಚೆಂಡು ಗುಂಡಿನ ಹಾಗೆ ಹೋಗುತ್ತೆ. ನಿನ್ನ ಆಟಕ್ಕೆ ಮಾತ್ರ ಮರವೇ ಸರಿ ಕಣಮ್ಮ. ಚೆಂಡು ಹೇಗೆ ಬಂತು ಅಂತ ಮರ ಕೈಗೆ ಹೇಳಿಬಿಡುತ್ತೆ. ಕಣ್ಣು ಮುಚ್ಚಿ ನೋಡು, ಗೊತ್ತಾಗುತ್ತೆ.”

ಅವಳು ಕಣ್ಣು ಮುಚ್ಚಿದಳು. ತಮ್ಮ ಒಂದೊಂದನ್ನೇ ಅವಳ ಕೈಗೆ ಕೊಟ್ಟು, ಅದರ ಮೇಲೆ ಚೆಂಡು ಪುಟಿಸಿದ. ಒಂದರ ಸದ್ದು ಮೆದು, ಇನ್ನೊಂದರದು ಚುರುಕು. ಕೈಗೆ ಮಾತ್ರ ಎರಡೂ ಏನನ್ನೂ ಹೇಳಲಿಲ್ಲ.

“ಯಾವುದು ಚೆನ್ನಾಗಿದೆ, ಅಕ್ಕ?”

“ಎರಡೂ ಸತ್ತಿವೆ.”

ಅಂಗಡಿಯವರು ನಗಲು ಹೋಗಿ, ಅವಳ ಮುಖ ನೋಡಿ ಬ್ಯಾಟಿನ ಧೂಳು ಒರೆಸತೊಡಗಿದರು.

“ಹಾಗಾದ್ರೆ ಕಾರ್ಬನ್ನೇ ತಗೋ,” ಎಂದ ತಮ್ಮ. “ಕಾಲಲ್ಲಿ ಶಕ್ತಿ ಇಲ್ಲ ನಿಂಗೆ, ಎಷ್ಟೊತ್ತು ಅಂತ ತಡೀತೀಯ? ಎರಡೇಟಿಗೆ ಮುಗಿಸಿಬಿಡು.”

ಮಾತು ಸರಿಯೇ ಅನಿಸಿತು. ತಗೊಂಡಳು.

ತಂಡದ ಆಯ್ಕೆಯ ದಿನ ಎದುರಿಗೆ ನಿಂತವಳು ರಕ್ತಪರೀಕ್ಷೆ ವಿಭಾಗದ ಹುಡುಗಿ, ಗೋಡೆಯ ಕೈಯಲ್ಲೇ ಆಟ ಕಲಿತವಳು. ಕಾರ್ಬನ್ ಬ್ಯಾಟಿನಿಂದ ಚೆಂಡು ಒಂದೇ ಸಮನೆ ಮೇಜು ದಾಟಿ ಹಾರತೊಡಗಿತು. ಹುಡುಗಿಗೆ ಪಾಪ ಅನಿಸಿರಬೇಕು, ಮೆಲ್ಲಗೆ, ಮಕ್ಕಳಿಗೆ ಹಾಕುವ ಹಾಗೆ ಹಾಕತೊಡಗಿದಳು. ಗೋಡೆಗೆ ಮೈಯೆಲ್ಲ ಉರಿದುಹೋಯಿತು.

“ಹೊಡೆಯೇ! ಇದನ್ನಾ ನಾನು ನಿಂಗೆ ಕಲಿಸಿದ್ದು?”

ಹುಡುಗಿ ತೋಳಿನಿಂದ ಕಣ್ಣೊರೆಸಿಕೊಂಡು ಹೊಡೆದಳು. ಮೂರು ಗೇಮೂ ಹೋದವು, ತಂಡದ ಜಾಗವೂ ಹೋಯಿತು.

ಮುಂದಿನ ವಾರ ಗೋಡೆ ಒಬ್ಬಳೇ ಅಂಗಡಿಗೆ ಹೋಗಿ ಮರದ್ದನ್ನು ಕೇಳಿದಳು.

“ಎರಡೂ ಸತ್ತಿವೆ ಅಂದಿದ್ದೆಯಲ್ಲಮ್ಮ?” ಅಂಗಡಿಯವರು ಮೆಲ್ಲಗೆ ಕೇಳಿದರು.

“ಈಗ ಸತ್ತೇ ಇವೆ. ಕೈಗೆ ಸ್ಪರ್ಶ ವಾಪಸ್ ಬಂದ್ರೆ, ಮೊದಲು ಮರದಲ್ಲಿ ತಾನೇ ಗೊತ್ತಾಗೋದು?”

ವರ್ಷ ಕಳೆಯಿತು. ಬರಲಿಲ್ಲ. ಡಾಕ್ಟರು ಈಗ ಆ ಮಾತೇ ಎತ್ತುವುದಿಲ್ಲ. ಗೋಡೆ ಬ್ಯಾಟಿನ ಹಿಡಿಯನ್ನು ಬಟ್ಟೆಯಿಂದ ಅಂಗೈಗೆ ಬಿಗಿದುಕೊಂಡು, ಸದ್ದು ಕೇಳಿಕೊಂಡೇ ಆಡುತ್ತಾಳೆ. ಹತ್ತು ಚೆಂಡಿನಲ್ಲಿ ಮೂರೋ ನಾಲ್ಕೋ ವಾಪಸ್ ಹೋಗುತ್ತವೆ. ಉಳಿದವನ್ನು ಬೆಂಚಿನ ಕೆಳಗೆಲ್ಲ ತಡಕಾಡಿ ಹೆಕ್ಕಿ ತಂದು, ತಮ್ಮ ಮತ್ತೆ ಹಾಕುತ್ತಾನೆ.